ಎತ್ತರದ ಕುದುರೆಗೆ ಟ್ರೇಲರ್ ಆರಿಸುವುದು ಹೇಗೆ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ರೂಪದಲ್ಲಿರುತ್ತದೆ. “ಮಗಳ ಸವಾರಿಗೆಂದು ಹದಿನೇಳು ಹ್ಯಾಂಡ್ ಎತ್ತರದ ವಾರ್ಮ್‌ಬ್ಲಡ್ (ದೊಡ್ಡ ಮೈಕಟ್ಟಿನ ಸವಾರಿ ತಳಿ) ಕುದುರೆ ಕೊಂಡಿದ್ದೇವೆ. ಮನೆಯಲ್ಲಿ ಒಂದು ಎಸ್‌ಯುವಿ ಇದೆ. ಅದಕ್ಕೆ ಯಾವ ಟ್ರೇಲರ್ ಕಟ್ಟಬಹುದು?” ಪ್ರಶ್ನೆ ಸಹಜವಾದದ್ದೇ, ಆದರೆ ಬಾಲದ ಕಡೆಯಿಂದ ಶುರುವಾಗಿದೆ. ಇರುವ ವಾಹನಕ್ಕೆ ಹೊಂದುವ ಟ್ರೇಲರನ್ನು ಕೊಂಡು, ಕೊಂಡ ಟ್ರೇಲರಿನೊಳಗೆ ಕುದುರೆಯನ್ನು ಹೇಗೋ ಹಿಡಿಸಲು ಹೊರಟವರು ಒಂದೆರಡು ವರ್ಷಗಳಲ್ಲೇ ಅದನ್ನು ನಷ್ಟಕ್ಕೆ ಮಾರಿ ಇನ್ನೊಂದನ್ನು ಹುಡುಕುವುದನ್ನು ಸಾಕಷ್ಟು ಕಂಡಿದ್ದೇನೆ. ಮೊದಲು ಕುದುರೆ, ಅನಂತರ ಟ್ರೇಲರ್, ಕಟ್ಟಕಡೆಗೆ ಅದನ್ನು ಎಳೆಯುವ ವಾಹನ ಎಂಬ ಕ್ರಮದಲ್ಲಿ ಯೋಚಿಸಬೇಕು. ಈ ಲೇಖನವೂ ಅದೇ ಕ್ರಮದಲ್ಲಿ ಸಾಗುತ್ತದೆ.

ಕುಣಿಗಲ್ಲಿನ ಸ್ಟಡ್ ಫಾರಂ ಅಥವಾ ಬೆಂಗಳೂರು, ಮೈಸೂರುಗಳ ರೇಸ್‌ಕೋರ್ಸಿನ ಸುತ್ತಮುತ್ತ ಬೆಳೆದವರ ಕಣ್ಣಿಗೆ ಕುದುರೆ ಸಾಗಣೆ ಎಂದರೆ ಲಾರಿಯಂಥ ಒಂದೇ ವಾಹನ. ಚಾಲಕ, ಎಂಜಿನ್, ಕುದುರೆ ಎಲ್ಲವೂ ಒಂದೇ ಚಾಸಿಯ ಮೇಲೆ ಇರುತ್ತವೆ. ಟ್ರೇಲರಿನ ವಿಷಯ ಬೇರೆ. ಇಲ್ಲಿ ಎರಡು ವಾಹನಗಳು ಒಂದು ಕಬ್ಬಿಣದ ಗುಂಡಿನ ಮೇಲೆ ಕೂಡಿಕೊಂಡಿರುತ್ತವೆ, ಹಿಂದಿನದರಲ್ಲಿ ನಿಂತಿರುವ ಆರುನೂರು ಕಿಲೋದ ಪ್ರಾಣಿ ತಿರುವಿನಲ್ಲೂ ಬ್ರೇಕಿನಲ್ಲೂ ತಾನಾಗಿಯೇ ಜಾಗ ಬದಲಿಸುತ್ತದೆ. ಮುಂದೆ ಹೇಳುವ ಅಳತೆ ಮತ್ತು ತೂಕದ ಲೆಕ್ಕಗಳಿಗೆಲ್ಲ ಇದೇ ಮೂಲ.

ನೋಡಲು ಹೋಗುವಾಗ ಕೈಯಲ್ಲಿ ಇರಬೇಕಾದವು: ದರ್ಜಿಗಳು ಬಳಸುವಂಥ ಉದ್ದನೆಯ ಬಟ್ಟೆಯ ಟೇಪು (ಲೋಹದ ಟೇಪಿನ ಸದ್ದಿಗೆ ಎಷ್ಟೋ ಕುದುರೆಗಳು ಬೆದರುತ್ತವೆ), ಟ್ರೇಲರಿನ ಒಳಗನ್ನು ಅಳೆಯಲು ಲೋಹದ ಟೇಪು, ಟಾರ್ಚು, ದಪ್ಪನೆಯ ಸ್ಕ್ರೂಡ್ರೈವರ್, ಟ್ರೇಲರಿನ ಕೆಳಗೆ ಮಲಗಿ ನೋಡಲು ಒಂದು ಹಳೆಯ ಚಾದರ, ಮತ್ತು ಬರೆದುಕೊಳ್ಳಲು ಪುಸ್ತಕ.

ಹಂತ 1: ಮೊದಲು ಕುದುರೆಯನ್ನು ಅಳೆಯಿರಿ

ಕುದುರೆಯ ಎತ್ತರವನ್ನು ಹ್ಯಾಂಡ್ ಎಂಬ ಅಳತೆಯಲ್ಲಿ ಹೇಳುವುದು ವಾಡಿಕೆ. ಒಂದು ಹ್ಯಾಂಡ್ ಎಂದರೆ 4 ಅಂಗುಲ. ಕತ್ತು ಮುಗಿದು ಬೆನ್ನು ಆರಂಭವಾಗುವಲ್ಲಿ ಇರುವ ಮೂಳೆಯ ಉಬ್ಬಿಗೆ ವಿದರ್ಸ್ ಎಂದು ಹೆಸರು. ನೆಲದಿಂದ ಅಲ್ಲಿಯವರೆಗಿನ ಎತ್ತರವೇ ಕುದುರೆಯ ಎತ್ತರ. ಹೊಸಬರು ಎಡವುವ ಜಾಗ ಒಂದಿದೆ: 17.2 ಎಂದು ಬರೆದಿದ್ದರೆ ಅದು ದಶಮಾಂಶವಲ್ಲ. ಹದಿನೇಳು ಹ್ಯಾಂಡ್ ಮತ್ತು ಎರಡು ಅಂಗುಲ, ಅಂದರೆ ಒಟ್ಟು 70 ಅಂಗುಲ ಎಂದು ಅದನ್ನು ಓದಬೇಕು. 17 ಹ್ಯಾಂಡ್ ಎಂದರೆ 68 ಅಂಗುಲ, ಸುಮಾರು 173 ಸೆಂಟಿಮೀಟರ್.

ಆದರೆ ಟ್ರೇಲರ್ ಆರಿಸುವಾಗ ವಿದರ್ಸ್ ಎತ್ತರ ಒಂದೇ ಸಾಲದು. ಕುದುರೆಯ ತಲೆ ಅದಕ್ಕಿಂತ ಎಷ್ಟೋ ಮೇಲಿರುತ್ತದೆ, ದೇಹದ ಉದ್ದ ಒಂದೊಂದರದು ಒಂದೊಂದು ಬಗೆ. ಆದ್ದರಿಂದ ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಒಬ್ಬರು ಹಗ್ಗ ಹಿಡಿದುಕೊಂಡು ಇನ್ನೊಬ್ಬರು ಇನ್ನೂ ಮೂರು ಅಳತೆಗಳನ್ನು ತೆಗೆದುಕೊಳ್ಳಬೇಕು. ಏನೋ ಸದ್ದು ಕೇಳಿ ಕಿವಿ ನಿಮಿರಿಸಿ ನಿಂತಾಗ ನೆಲದಿಂದ ಎರಡು ಕಿವಿಗಳ ನಡುವಿನ ನೆತ್ತಿಯವರೆಗಿನ ಎತ್ತರ ಮೊದಲನೆಯದು. ಭುಜದ ಮುಂತುದಿಯಿಂದ ಹಿಂತೊಡೆಯ ಹಿಂತುದಿಯವರೆಗಿನ ದೇಹದ ಉದ್ದ ಎರಡನೆಯದು. ಮುಂಗಾಲುಗಳ ಹಿಂದೆ, ಜೀನಿನ ಪಟ್ಟಿ ಬೀಳುವ ಜಾಗದಲ್ಲಿ, ಎದೆಗೂಡಿನ ಸುತ್ತಳತೆ ಮೂರನೆಯದು.

ಕೊನೆಯ ಎರಡು ಅಳತೆಗಳಿಂದ ತೂಕವನ್ನೂ ಅಂದಾಜು ಮಾಡಬಹುದು. ಅಂಗುಲಗಳಲ್ಲಿ ತೆಗೆದುಕೊಂಡ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 330ರಿಂದ ಭಾಗಿಸಿದರೆ ತೂಕ ಪೌಂಡುಗಳಲ್ಲಿ ಸಿಗುತ್ತದೆ. ಸುತ್ತಳತೆ 82 ಅಂಗುಲ, ಉದ್ದ 72 ಅಂಗುಲ ಇರುವ ಕುದುರೆಯನ್ನು ತೆಗೆದುಕೊಳ್ಳಿ: 82 × 82 × 72 ÷ 330 = ಸುಮಾರು 1,467 ಪೌಂಡ್, ಎಂದರೆ 665 ಕಿಲೋ. ಮಾರಾಟಗಾರರ ಪತ್ರಿಕೆಗಳಲ್ಲಿ “ಸರಾಸರಿ ಕುದುರೆ” ಎಂದು ಬರೆಯುವ 1,000 ಅಥವಾ 1,100 ಪೌಂಡಿಗೂ ಇದಕ್ಕೂ ಇರುವ ಅಂತರವನ್ನು ಗಮನಿಸಿ. ಕುದುರೆ ಎರಡಾದರೆ ಅಂತರವೂ ಇಮ್ಮಡಿಯಾಗುತ್ತದೆ. ಇನ್ನೂ ಬೆಳೆಯುತ್ತಿರುವ ನಾಲ್ಕು ವರ್ಷದ ಕುದುರೆಯಾದರೆ ಇಂದಿನ ಅಳತೆಗೆ ಸ್ವಲ್ಪ ಸೇರಿಸಿಕೊಂಡೇ ಲೆಕ್ಕ ಹಾಕಿ, ಏಕೆಂದರೆ ವಾರ್ಮ್‌ಬ್ಲಡ್ ತಳಿಗಳು ಪೂರ್ತಿ ಮೈತುಂಬಿಕೊಳ್ಳಲು ಆರೇಳು ವರ್ಷ ತೆಗೆದುಕೊಳ್ಳುತ್ತವೆ.

ಹಂತ 2: ಟ್ರೇಲರಿನ ಒಳಗನ್ನು ನೀವೇ ಅಳೆಯಿರಿ

ಜಾಹೀರಾತಿನಲ್ಲಿ “ವಾರ್ಮ್‌ಬ್ಲಡ್ ಸೈಜ್” ಎಂದು ಇದ್ದ ಮಾತ್ರಕ್ಕೆ ನಂಬಬೇಡಿ. ಆ ಹೆಸರಿಗೆ ಎಲ್ಲ ತಯಾರಕರೂ ಪಾಲಿಸಬೇಕಾದ ಒಂದು ನಿಗದಿತ ಅಳತೆ ಇಲ್ಲ. ಒಬ್ಬರ ವಾರ್ಮ್‌ಬ್ಲಡ್ ಸೈಜ್ ಇನ್ನೊಬ್ಬರ ಸಾಮಾನ್ಯ ಸೈಜಿಗಿಂತ ಬರೀ ಎತ್ತರದಲ್ಲಿ ಮಾತ್ರ ದೊಡ್ಡದಾಗಿರಬಹುದು. ಸ್ಥೂಲವಾಗಿ ಹೇಳುವುದಾದರೆ, ಎರಡು ಕುದುರೆಗಳ ಸಾಮಾನ್ಯ ಟ್ರೇಲರ್ ಒಳಗೆ 7 ಅಡಿ ಎತ್ತರ, 6 ಅಡಿ ಅಗಲ ಇರುತ್ತದೆ. ಎತ್ತರದ ಕುದುರೆಗಳಿಗೆಂದು ಮಾಡಿದವು 7 ಅಡಿ 6 ಅಂಗುಲ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಎತ್ತರ, 6 ಅಡಿ 8 ಅಂಗುಲದಿಂದ 7 ಅಡಿಯವರೆಗೆ ಅಗಲ ಇರುತ್ತವೆ.

ಎತ್ತರವನ್ನು ನೆಲಕ್ಕೆ ಹಾಸಿದ ರಬ್ಬರ್ ಹಾಸಿನ ಮೇಲಿನಿಂದ, ಚಾವಣಿಯ ಅಡ್ಡಪಟ್ಟಿಯ ಕೆಳಗಿನವರೆಗೆ ಅಳೆಯಬೇಕು. ಚಾವಣಿ ಬಿಲ್ಲಿನಂತೆ ಬಾಗಿದ್ದರೆ ನಡುವಿನ ಎತ್ತರ ತೋರಿಸಿ ಮಾರುತ್ತಾರೆ, ಆದರೆ ಕುದುರೆ ನಿಲ್ಲುವುದು ನಡುವಿನಲ್ಲಲ್ಲ, ಪಕ್ಕಕ್ಕೆ. ಅಲ್ಲಿನ ಎತ್ತರ ಎಷ್ಟು ಎಂದು ನೋಡಿ. ಹಿಂಬಾಗಿಲಿನ ಮೇಲ್ಚೌಕಟ್ಟು ಒಳಗಿನ ಚಾವಣಿಗಿಂತ ಕೆಳಗಿರುವುದು ಸಾಮಾನ್ಯ. ಹತ್ತುವಾಗ, ಅದಕ್ಕಿಂತ ಹೆಚ್ಚಾಗಿ ಹಿಂದಕ್ಕೆ ಇಳಿಯುವಾಗ ತಲೆ ಎತ್ತಿದ ಕುದುರೆಯ ನೆತ್ತಿಗೆ ಪೆಟ್ಟು ಬೀಳುವುದು ಅಲ್ಲೇ. ಒಮ್ಮೆ ಹಾಗೆ ಪೆಟ್ಟು ತಿಂದ ಕುದುರೆಯನ್ನು ಮತ್ತೆ ಹತ್ತಿಸಲು ತಿಂಗಳುಗಟ್ಟಲೆ ಬೇಕಾಗುತ್ತದೆ. ಕಿವಿ ನಿಮಿರಿಸಿದಾಗಿನ ನೆತ್ತಿಯ ಎತ್ತರಕ್ಕಿಂತ ಬಾಗಿಲು ಕೆಲವು ಅಂಗುಲವಾದರೂ ಮೇಲಿರಲಿ.

ಉದ್ದ ಅಳೆಯುವಾಗ ಗೋಡೆಯಿಂದ ಗೋಡೆಗೆ ಟೇಪು ಹಿಡಿದರೆ ಪ್ರಯೋಜನವಿಲ್ಲ. ಕುದುರೆಯ ಎದೆಯ ಮುಂದೆ ಒಂದು ಅಡ್ಡಕಂಬಿ, ಹಿಂತೊಡೆಯ ಹಿಂದೆ ಇನ್ನೊಂದು ಅಡ್ಡಕಂಬಿ ಇರುತ್ತದೆ. ಆ ಎರಡರ ನಡುವಿನ ಅಂತರವೇ ನಿಮ್ಮ ಕುದುರೆಗೆ ಸಿಗುವ ಜಾಗ. 72 ಅಂಗುಲದ ದೇಹಕ್ಕೆ 72 ಅಂಗುಲದ ಜಾಗ ಕೊಟ್ಟರೆ ಅದು ಪ್ರತಿ ಬ್ರೇಕಿಗೂ ಎದೆಯನ್ನೋ ಬಾಲದ ಬುಡವನ್ನೋ ಕಂಬಿಗೆ ಉಜ್ಜಿಕೊಳ್ಳುತ್ತದೆ. ನಾನು ಕನಿಷ್ಠ ಏಳೆಂಟು ಅಂಗುಲ ಹೆಚ್ಚಿಗೆ ಇಟ್ಟುಕೊಳ್ಳುತ್ತೇನೆ. ಕಂಬಿಗಳನ್ನು ಹಿಂದೆ ಮುಂದೆ ಸರಿಸುವ ಅನುಕೂಲ ಇರುವ ಟ್ರೇಲರ್ ಸಿಕ್ಕರೆ ಬಹಳ ಒಳ್ಳೆಯದು. ಎದೆಗಂಬಿಯನ್ನು ಹೊರಗಿನಿಂದಲೇ ಕಳಚುವ ವ್ಯವಸ್ಥೆ ಇದೆಯೇ ಎಂದೂ ಕೇಳಿ: ಗಾಬರಿಯಾದ ಎತ್ತರದ ಕುದುರೆ ಮುಂಗಾಲುಗಳನ್ನು ಕಂಬಿಯ ಮೇಲೆ ಹಾಕಿ ಸಿಕ್ಕಿಕೊಂಡಾಗ, ಒಳಗೆ ಹೋಗಿ ಬಿಡಿಸುವ ಮಾತೇ ಇಲ್ಲ.

ತಲೆಯ ಜಾಗದಲ್ಲಿ ಕೆಲವು ಹಳೆಯ ಟ್ರೇಲರುಗಳಿಗೆ ಮೇವಿನ ತೊಟ್ಟಿ ಇರುತ್ತದೆ. ನೋಡಲು ಚೆಂದ, ತೊಟ್ಟಿಯ ಕೆಳಗೆ ಜೀನು ಇಡಲೂ ಜಾಗ. ದೊಡ್ಡ ಕುದುರೆಗೆ ಮಾತ್ರ ಅದು ಬೇಡವೇ ಬೇಡ. ತೊಟ್ಟಿ ಎದೆಯ ಮುಂದಿನ ಜಾಗವನ್ನು ನುಂಗುತ್ತದೆ, ಮಂಡಿ ಬಡಿಯುತ್ತದೆ, ಮತ್ತು ಕುದುರೆ ತಲೆ ತಗ್ಗಿಸಲು ಆಗುವುದಿಲ್ಲ. ತಲೆ ತಗ್ಗಿಸುವುದು ಆರಾಮದ ಮಾತಷ್ಟೇ ಆಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಕುದುರೆ ತನ್ನ ಶ್ವಾಸನಾಳದಲ್ಲಿ ಸೇರಿದ ಧೂಳು, ಕಫ, ರೋಗಾಣುಗಳನ್ನು ಹೊರಹಾಕುವುದೇ ತಲೆ ತಗ್ಗಿಸಿ. ಗಂಟೆಗಟ್ಟಲೆ ತಲೆ ಎತ್ತಿಯೇ ನಿಂತರೆ ಅವು ಶ್ವಾಸಕೋಶಕ್ಕೆ ಇಳಿದು ಸೋಂಕಾಗುತ್ತದೆ. ದೂರದ ಪ್ರಯಾಣ ಮುಗಿಸಿದ ಕುದುರೆಗಳಿಗೆ ಬರುವ, ಶಿಪ್ಪಿಂಗ್ ಫೀವರ್ ಎಂದು ಕರೆಯುವ ಜ್ವರಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು.

ಹಂತ 3: ನಿಲ್ಲುವ ಬಗೆಯನ್ನು ಆರಿಸಿ

ಕುದುರೆ ಮುಂದಕ್ಕೆ ಮುಖ ಮಾಡಿ ನೇರವಾಗಿ ನಿಲ್ಲುವ ಟ್ರೇಲರಿಗೆ ಸ್ಟ್ರೇಟ್ ಲೋಡ್ ಎನ್ನುತ್ತಾರೆ. ಓರೆಯಾಗಿ, ಒಂದರ ಪಕ್ಕ ಒಂದು ನಿಲ್ಲುವಂಥದ್ದು ಸ್ಲ್ಯಾಂಟ್ ಲೋಡ್. ಅಮೆರಿಕದ ಮಾರುಕಟ್ಟೆಯಲ್ಲಿ ಸ್ಲ್ಯಾಂಟ್ ಲೋಡ್ ಬಹಳ ಜನಪ್ರಿಯ, ಹಳೆಯ ಮಾಲೂ ಅದೇ ಹೆಚ್ಚು ಸಿಗುತ್ತದೆ. ಆದರೆ ಅದು ಹದಿನೈದು ಹ್ಯಾಂಡಿನ ಆಸುಪಾಸಿನ ಕ್ವಾರ್ಟರ್ ಹಾರ್ಸಿನಂಥ ಕುದುರೆಗಳಿಗೆ ಹೇಳಿ ಮಾಡಿಸಿದ್ದು. ಆರು ಅಡಿ ಅಗಲದ ಡಬ್ಬಿಯಲ್ಲಿ ಓರೆಯಾಗಿ ಎಷ್ಟು ಉದ್ದ ಸಿಕ್ಕೀತು? ಕರಪತ್ರದಲ್ಲಿ ಕೊಡುವುದು ಮೂಲೆಯಿಂದ ಮೂಲೆಗಿನ ಉದ್ದ. ಕುದುರೆಯ ತಲೆಯಾಗಲಿ ಹಿಂಭಾಗವಾಗಲಿ ಮೂಲೆಯ ಚೂಪಿನೊಳಗೆ ಹೋಗಿ ಕೂರುವುದಿಲ್ಲವಾದ್ದರಿಂದ ನಿಜವಾಗಿ ಸಿಗುವ ಉದ್ದ ಅದಕ್ಕಿಂತ ಸಾಕಷ್ಟು ಕಡಿಮೆ. ಎತ್ತರದ ಕುದುರೆ ಅಲ್ಲಿ ಕತ್ತು ಮಡಚಿಕೊಂಡು, ಬಾಲವನ್ನು ಗೋಡೆಗೆ ಒತ್ತಿಕೊಂಡು ನಿಲ್ಲಬೇಕಾಗುತ್ತದೆ. ಇನ್ನೊಂದು ತೊಡಕೂ ಇದೆ: ಮೊದಲು ಹತ್ತಿದ ಕುದುರೆಗೆ ದಾರಿಯಲ್ಲಿ ಏನಾದರೂ ಆದರೆ ಹಿಂದಿನದನ್ನು ಇಳಿಸದೆ ಅದನ್ನು ಇಳಿಸಲಾಗುವುದಿಲ್ಲ.

ಹದಿನಾರೂವರೆ ಹ್ಯಾಂಡಿಗಿಂತ ಎತ್ತರದ ಕುದುರೆಗೆ ನನ್ನ ಸಲಹೆ ಸ್ಟ್ರೇಟ್ ಲೋಡ್, ಅದರಲ್ಲೂ ತಲೆಯ ಭಾಗದಲ್ಲಿ ಪಕ್ಕದ ಬಾಗಿಲುಗಳಿದ್ದು ಮನುಷ್ಯರು ಹೊರಗೆ ಹೋಗಲು ದಾರಿ ಇರುವಂಥದ್ದು. ಆಮೇಲೆ ನಡುವಿನ ತಡಿಕೆಯನ್ನು ನೋಡಿ. ಅದು ನೆಲದವರೆಗೂ ಮುಚ್ಚಿದ್ದರೆ ಕುದುರೆಗೆ ಕಾಲು ಅಗಲಿಸಲು ಜಾಗ ಇರುವುದಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತವರು ಕಾಲು ಅಗಲಿಸಿಯೇ ಸಾವರಿಸಿಕೊಳ್ಳುವುದಲ್ಲವೇ? ಕುದುರೆಗೂ ತಿರುವಿನಲ್ಲಿ ಅದೇ ಬೇಕು. ಅದು ಸಿಗದಿದ್ದಾಗ ಗಾಬರಿಯಿಂದ ಗೋಡೆಯನ್ನು ತುಳಿಯುತ್ತಾ ಮೇಲೇರಲು ನೋಡುತ್ತದೆ. “ನಮ್ಮ ಕುದುರೆ ಟ್ರೇಲರಿನಲ್ಲಿ ಒದೆಯುತ್ತದೆ, ಸ್ವಭಾವವೇ ಹಾಗೆ” ಎಂದು ಬರೆದವರಿಗೆ ನಾನು ಮೊದಲು ಕೇಳುವುದು ತಡಿಕೆ ಎಲ್ಲಿಯವರೆಗೆ ಇದೆ ಎಂದೇ. ಮೇಲ್ಭಾಗ ಮಾತ್ರ ಇದ್ದು ಕೆಳಗೆ ತೆರೆದಿರುವ, ಬೇಕಾದಾಗ ಪೂರ್ತಿ ತೆಗೆದುಹಾಕಬಹುದಾದ ತಡಿಕೆ ಉತ್ತಮ. ನೇರವಾಗಿ ಹೇಳಬೇಕೆಂದರೆ, ದೊಡ್ಡ ಕುದುರೆಯ ಮಾಲೀಕರು ಎತ್ತರದ ಬಗ್ಗೆ ಪಡುವ ಚಿಂತೆಯ ಅರ್ಧದಷ್ಟನ್ನು ಅಗಲದ ಬಗ್ಗೆ ಪಟ್ಟರೂ ಎಷ್ಟೋ ತೊಂದರೆಗಳು ತಪ್ಪುತ್ತವೆ.

ಮೂರನೆಯ ಬಗೆ ಸ್ಟಾಕ್ ಟ್ರೇಲರ್, ಮೂಲತಃ ದನಗಳನ್ನು ಸಾಗಿಸಲು ಮಾಡಿದ, ತಡಿಕೆಯಿಲ್ಲದ ತೆರೆದ ಡಬ್ಬಿ. ಅಂದಚೆಂದ ಇಲ್ಲ, ಚಳಿಗಾಲದಲ್ಲಿ ಗಾಳಿ ನುಗ್ಗುತ್ತದೆ. ಆದರೂ ಒಂದೇ ಒಂದು ದೊಡ್ಡ ಕುದುರೆ ಇರುವವರು, ಅದರಲ್ಲೂ ಅದು ಇಕ್ಕಟ್ಟಿಗೆ ಹೆದರುವಂಥದ್ದಾದರೆ, 7 ಅಡಿ ಅಗಲದ ಸ್ಟಾಕ್ ಟ್ರೇಲರನ್ನು ಒಮ್ಮೆ ನೋಡಲೇಬೇಕು. ಬೆಲೆಯೂ ಕಡಿಮೆ, ಕುದುರೆಯೂ ತನಗೆ ಹಿತವಾದ ಕೋನದಲ್ಲಿ ನಿಲ್ಲುತ್ತದೆ.

ಹತ್ತುವ ಕಡೆ ಇಳಿಜಾರಿನ ರ‍್ಯಾಂಪ್ ಬೇಕೋ, ಮೆಟ್ಟಿಲಿನಂತೆ ಹತ್ತುವುದು ಬೇಕೋ ಎಂಬ ಚರ್ಚೆಗೆ ಕೊನೆಯಿಲ್ಲ. ರ‍್ಯಾಂಪ್ ಇರುವ ಕಡೆ ಸ್ಪ್ರಿಂಗ್ ಗಟ್ಟಿಯಾಗಿದ್ದು ಒಬ್ಬರೇ ಎತ್ತುವಂತಿರಬೇಕು, ಮಳೆಯಲ್ಲಿ ಜಾರದಂಥ ರಬ್ಬರ್ ಇರಬೇಕು. ಮೆಟ್ಟಿಲಿನ ಬಗೆಯಲ್ಲಿ ಕುದುರೆ ಹಿಂದಕ್ಕೆ ಇಳಿಯುವಾಗ ಹಿಂಗಾಲು ಟ್ರೇಲರಿನ ಅಡಿಗೆ ಜಾರಬಹುದು, ಆದ್ದರಿಂದ ಕೆಳಅಂಚು ಚೂಪಾಗಿರಬಾರದು, ರಬ್ಬರ್ ಹೊದಿಕೆ ಇರಬೇಕು.

ಹಂತ 4: ತೂಕದ ಲೆಕ್ಕ ಹಾಕಿ

ಟ್ರೇಲರಿನ ಮುಂಭಾಗದಲ್ಲಿ ಒಂದು ಲೋಹದ ಫಲಕವೋ ಚೀಟಿಯೋ ಅಂಟಿರುತ್ತದೆ. ಅದರಲ್ಲಿ ಜಿ.ವಿ.ಡಬ್ಲ್ಯು.ಆರ್. ಎಂಬ ಸಂಖ್ಯೆ ಇರುತ್ತದೆ: ಟ್ರೇಲರ್, ಕುದುರೆ, ಸಾಮಾನು ಎಲ್ಲ ಸೇರಿ ಮೀರಬಾರದ ಗರಿಷ್ಠ ತೂಕ. ಎರಡು ಕುದುರೆಗಳ ಟ್ರೇಲರುಗಳಲ್ಲಿ ಬಹುಪಾಲಿಗೆ ತಲಾ 3,500 ಪೌಂಡ್ ಹೊರುವ ಎರಡು ಅಚ್ಚುಗಳಿದ್ದು, ಮಿತಿ 7,000 ಪೌಂಡ್ ಇರುತ್ತದೆ. ಸಾಮಾನ್ಯ ಕುದುರೆಗಳಿಗೆ ಅದು ಧಾರಾಳ. ನಮ್ಮ ಲೆಕ್ಕವನ್ನು ಈಗ ನೋಡಿ. ಬಟ್ಟೆ ಬದಲಿಸುವ ಕೋಣೆ ಇರುವ, ಎತ್ತರದ ಮಾದರಿಯ ಖಾಲಿ ಟ್ರೇಲರ್ 3,500 ಪೌಂಡ್ ಎಂದಿಟ್ಟುಕೊಳ್ಳಿ. 1,467 ಪೌಂಡಿನ ಎರಡು ಕುದುರೆಗಳು 2,934. ಜೀನು, ಲಗಾಮು, ಒಣಹುಲ್ಲು, ರಬ್ಬರ್ ಹಾಸು, ಇಪ್ಪತ್ತು ಗ್ಯಾಲನ್ ನೀರು ಸೇರಿ 400 (ನೀರೊಂದೇ 167 ಪೌಂಡ್ ಆಗುತ್ತದೆ). ಒಟ್ಟು 6,834 ಪೌಂಡ್. ಮಿತಿಗೆ ಉಳಿದದ್ದು 166. ಮಗಳ ಗೆಳತಿಯ ಪೆಟ್ಟಿಗೆ, ಇನ್ನೆರಡು ಕಂತೆ ಹುಲ್ಲು ಸೇರಿದರೆ ಅದೂ ಮುಗಿಯಿತು. ಎರಡು ದೊಡ್ಡ ಕುದುರೆಗಳನ್ನು ಒಯ್ಯುವವರು 7,000 ಪೌಂಡಿನ ಟ್ರೇಲರಿಗೆ ಕೈಹಾಕದೆ, ಹೆಚ್ಚು ಹೊರುವ ಅಚ್ಚುಗಳಿರುವುದನ್ನೇ ಹುಡುಕಬೇಕು.

ಇನ್ನು ಮೂಕಿಯ ಭಾರ. ಟ್ರೇಲರಿನ ಮುಂದೆ ಚಾಚಿಕೊಂಡು ವಾಹನಕ್ಕೆ ಕೂಡುವ ಭಾಗ ನಮ್ಮ ಎತ್ತಿನ ಗಾಡಿಯ ಮೂಕಿಯೇ. ಗಾಡಿಗೆ ಹೇರುವಾಗ ಮುಂಭಾರ, ಹಿಂಭಾರ ನೋಡುತ್ತಿದ್ದುದು ನೆನಪಿದೆಯೇ? ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತುಗಳ ಹೆಗಲು ಕುಸಿಯುತ್ತದೆ. ಟ್ರೇಲರಿಗೂ ಅದೇ ನ್ಯಾಯ. ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಮೂಕಿಯ ಮೇಲೆ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಬಾಲ ಬೀಸಿದಂತೆ ಅತ್ತಿಂದಿತ್ತ ತೂಗಾಡಲು ಆರಂಭಿಸುತ್ತದೆ, ಆ ತೂಗಾಟ ಬೆಳೆದರೆ ವಾಹನವನ್ನೂ ಮಗುಚುತ್ತದೆ. ಹಿಂಬದಿಯಲ್ಲಿ ಸಾಮಾನಿನ ಕೋಣೆ ಇರುವ ಟ್ರೇಲರುಗಳನ್ನು ಈ ಕಾರಣಕ್ಕೆ ಎಚ್ಚರದಿಂದ ತುಂಬಬೇಕು.

ಒಂದೇ ಕುದುರೆಯನ್ನು ಎರಡರ ಟ್ರೇಲರಿನಲ್ಲಿ ಒಯ್ಯುವಾಗ, ಅಮೆರಿಕದಲ್ಲಿ ಅದನ್ನು ಎಡಗಡೆ, ಚಾಲಕನ ಬದಿಯಲ್ಲಿ ನಿಲ್ಲಿಸಬೇಕು. ರಸ್ತೆ ನಡುವಿನಿಂದ ಬಲ ಅಂಚಿಗೆ ಇಳಿಜಾರಾಗಿರುವುದರಿಂದ ಭಾರ ಬಲಕ್ಕಿದ್ದರೆ ಟ್ರೇಲರ್ ಅಂಚಿನ ಕಡೆ ಎಳೆಯುತ್ತದೆ.

ಹಂತ 5: ಈಗ ಎಳೆಯುವ ವಾಹನಕ್ಕೆ ಬನ್ನಿ

ಮೂರು ಸಾಲು ಆಸನಗಳ ಕ್ರಾಸ್‌ಓವರ್ ಎಸ್‌ಯುವಿಗಳಲ್ಲಿ ಹಲವು ಎಳೆಯಬಲ್ಲದ್ದು ಹೆಚ್ಚೆಂದರೆ 5,000 ಪೌಂಡ್. ಮೇಲಿನ ಲೆಕ್ಕದಲ್ಲಿ ಒಂದೇ ಕುದುರೆ ಹತ್ತಿಸಿದರೂ ಒಟ್ಟು ತೂಕ 5,200 ಪೌಂಡನ್ನು ದಾಟುತ್ತದೆ. ಪತ್ರ ಬರೆದವರ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇಲ್ಲೇ ಮುಗಿಯುತ್ತದೆ.

ಪಿಕಪ್ ಟ್ರಕ್ ಇರುವವರೂ ನಿಶ್ಚಿಂತರಾಗುವಂತಿಲ್ಲ. “ನಮ್ಮ ಟ್ರಕ್ 11,000 ಪೌಂಡ್ ಎಳೆಯುತ್ತದೆ” ಎನ್ನುವವರು ಚಾಲಕನ ಬಾಗಿಲು ತೆರೆದು, ಕಂಬದ ಮೇಲೆ ಅಂಟಿಸಿರುವ ಹಳದಿ ಮತ್ತು ಬಿಳಿ ಚೀಟಿಯನ್ನು ಓದಬೇಕು. ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಎಂದು ಅದರಲ್ಲಿರುತ್ತದೆ; ಇದೇ ಪೇಲೋಡ್. ಮೂಕಿಯ ಭಾರವೂ ಇದರೊಳಗೇ ಬರುತ್ತದೆ. ಚೀಟಿಯಲ್ಲಿ 1,450 ಪೌಂಡ್ ಎಂದಿದೆ ಎನ್ನಿ. 6,834 ಪೌಂಡಿನ ಶೇಕಡಾ 12ರಂತೆ ಮೂಕಿಯ ಭಾರ 820. ನಾಲ್ಕು ಜನ 620. ಒಟ್ಟು 1,440. ಹಿಚ್ ಎಂದು ಕರೆಯುವ ಕೊಂಡಿಯ ಕಬ್ಬಿಣವೇ ಮೂವತ್ತು ನಲವತ್ತು ಪೌಂಡ್ ತೂಗುವುದರಿಂದ ಟ್ರಕ್ ಆಗಲೇ ಮಿತಿ ಮೀರಿದೆ, ಎಳೆಯುವ ಶಕ್ತಿ ಎಷ್ಟೇ ಉಳಿದಿದ್ದರೂ ಸರಿ. ಎರಡು ದೊಡ್ಡ ಕುದುರೆಗಳಿಗೆ ಮುಕ್ಕಾಲು ಟನ್ ಎಂಬ ಹೆಸರಿನಲ್ಲಿ ಬರುವ, 250 ಅಥವಾ 2500 ಎಂಬ ಸಂಖ್ಯೆಯ ಟ್ರಕ್ಕುಗಳನ್ನು ಬಲ್ಲವರು ಸೂಚಿಸುವುದು ಇದಕ್ಕೇ. ಎಂಜಿನ್ ಎಳೆಯುವುದು ದೊಡ್ಡ ಮಾತಲ್ಲ. ಇಳಿಜಾರಿನಲ್ಲಿ ನಿಲ್ಲಿಸಬೇಕಾದದ್ದು ಬ್ರೇಕು, ಹಿಂದಿನಿಂದ ತಳ್ಳಿದಾಗ ತಡೆದುಕೊಳ್ಳಬೇಕಾದದ್ದು ವಾಹನದ ಸ್ವಂತ ತೂಕ ಮತ್ತು ಉದ್ದ.

ಟ್ರೇಲರ್ ಕೂಡುವ ಬಗೆಗಳು ಎರಡು. ವಾಹನದ ಹಿಂದಿನ ಕೊಂಡಿಗೆ ಕಟ್ಟುವುದು ಬಂಪರ್ ಪುಲ್; ಹೆಸರು ಹಾಗಿದ್ದರೂ ಬಂಪರಿಗೆ ಕಟ್ಟುವುದಲ್ಲ, ಚಾಸಿಗೆ ಬೋಲ್ಟ್ ಹಾಕಿದ ಹಿಚ್‌ಗೆ. ಪಿಕಪ್ಪಿನ ತೊಟ್ಟಿಯ ನಡುವೆ, ಹಿಂದಿನ ಅಚ್ಚಿನ ಸಮೀಪ ಕೂಡುವುದು ಗೂಸ್‌ನೆಕ್. ಗೂಸ್‌ನೆಕ್ ತೂಗಾಡುವುದು ಕಡಿಮೆ, ತಿರುಗಿಸಲೂ ಸುಲಭ. ಆದರೆ ಒಟ್ಟು ತೂಕದ ಶೇಕಡಾ 15ರಿಂದ 25ರವರೆಗೆ ಟ್ರಕ್ಕಿನ ಮೇಲೆ ಬೀಳುವುದರಿಂದ ಟ್ರಕ್ ಇನ್ನೂ ದೊಡ್ಡದೇ ಬೇಕು. ತಿಂಗಳಿಗೊಮ್ಮೆ ಹತ್ತಿರದ ಸ್ಪರ್ಧೆಗೆ ಹೋಗುವವರಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಹಿಚ್‌ನ ಗುಂಡಿನ ಗಾತ್ರ ಕಡ್ಡಾಯವಾಗಿ ನೋಡಬೇಕಾದ ವಿಷಯ. ಕುದುರೆ ಟ್ರೇಲರುಗಳಿಗೆ ಸಾಮಾನ್ಯವಾಗಿ ಬೇಕಾಗುವುದು 2 5⁄16 ಅಂಗುಲದ ಗುಂಡು. ಅಂಥ ಟ್ರೇಲರಿನ ಮೂತಿಯನ್ನು, ಎಂದರೆ ಗುಂಡನ್ನು ಕಚ್ಚುವ ಭಾಗವನ್ನು, 2 ಅಂಗುಲದ ಗುಂಡಿನ ಮೇಲೆ ಕೂರಿಸಿದರೂ ಕೂರುತ್ತದೆ, ಬೀಗವೂ ಬೀಳುತ್ತದೆ, ಮನೆಯ ಅಂಗಳ ದಾಟುವವರೆಗೆ ಎಲ್ಲ ಸರಿಯಿದ್ದಂತೆಯೇ ಇರುತ್ತದೆ. ದೊಡ್ಡ ಹಳ್ಳ ಸಿಕ್ಕಾಗ ಹಾರಿ ಬರುತ್ತದೆ. ಗುಂಡಿನ ತಲೆಯ ಮೇಲೆ ಅದರ ಅಳತೆ ಕೊರೆದಿರುತ್ತದೆ, ಬೆರಳಿನಲ್ಲಿ ಗ್ರೀಸ್ ಒರೆಸಿ ಓದಿ.

ಟ್ರೇಲರಿನ ಚಕ್ರಗಳಿಗೆ ವಿದ್ಯುತ್ ಬ್ರೇಕ್ ಇರುತ್ತದೆ. ಅದನ್ನು ಚಾಲಕನ ಬಳಿಯಿಂದ ನಿಯಂತ್ರಿಸುವ ಬ್ರೇಕ್ ಕಂಟ್ರೋಲರ್ ವಾಹನದಲ್ಲಿ ಇಲ್ಲದಿದ್ದರೆ ಆ ಬ್ರೇಕುಗಳು ಇದ್ದೂ ಇಲ್ಲದಂತೆ. ಎಷ್ಟು ತೂಕದ ಟ್ರೇಲರಿಗೆ ಬ್ರೇಕ್ ಕಡ್ಡಾಯ ಎಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕುದುರೆಯ ವಿಷಯದಲ್ಲಿ ನಿಯಮ ನೋಡಿ ನಿರ್ಧರಿಸುವ ಪ್ರಶ್ನೆಯೇ ಇಲ್ಲ. ಮೂಕಿಯ ಮೇಲಿರುವ ಬ್ರೇಕ್‌ಅವೇ ಎಂಬ ಸ್ವಿಚ್ಚಿನ ತಂತಿಯನ್ನು ಎಳೆದು ನೋಡಿ. ಟ್ರೇಲರ್ ಕಳಚಿಹೋದರೆ ತಾನಾಗಿಯೇ ಬ್ರೇಕ್ ಹಿಡಿಸುವ ವ್ಯವಸ್ಥೆ ಅದು. ಎಳೆದಾಗ ಚಕ್ರ ಕಚ್ಚದಿದ್ದರೆ ಅದರ ಪುಟ್ಟ ಬ್ಯಾಟರಿ ಸತ್ತಿರುವ ಸಾಧ್ಯತೆ ಹೆಚ್ಚು. ಹಳೆಯ ಟ್ರೇಲರುಗಳಲ್ಲಿ ಸಾಮಾನ್ಯವಾಗಿ ಸತ್ತೇ ಇರುತ್ತದೆ.

ಹಂತ 6: ಹಳೆಯದಾದರೆ ಹಾಸನ್ನು ಎತ್ತಿ ನೋಡಿ

ಹಳೆಯ ಟ್ರೇಲರಿನಲ್ಲಿ ಬಣ್ಣ, ಕಿಟಕಿ, ದೀಪ ಎಲ್ಲವೂ ಆಮೇಲೆ. ನೆಲ ಮೊದಲು. ನನ್ನ ಮೊದಲ ಟ್ರೇಲರ್ ಕೊಳ್ಳುವ ದಿನ ಮಾರುವವರು ಒಳಗೆಲ್ಲ ಗುಡಿಸಿ, ರಬ್ಬರ್ ಹಾಸನ್ನು ಮಿರಮಿರ ಹೊಳೆಯುವಂತೆ ತೊಳೆದಿಟ್ಟಿದ್ದರು. ಹಾಸನ್ನು ಎತ್ತಲು ನೂರು ಪೌಂಡಿನ ಭಾರ, ಇಬ್ಬರು ಬೇಕು, ನಾಚಿಕೊಂಡು ಬಿಟ್ಟೆ. ಮನೆಗೆ ತಂದು ಎತ್ತಿದಾಗ ಎಡಬದಿಯ ಮೂರನೆಯ ಹಲಗೆ ಮೇಲಿನಿಂದ ಗಟ್ಟಿಯಾಗಿಯೇ ಕಂಡಿತು. ಸ್ಕ್ರೂಡ್ರೈವರಿನ ಮೊನೆ ಒತ್ತಿದರೆ ಹಿಡಿಯವರೆಗೆ ಇಳಿಯಿತು. ಎಳೆದಾಗ ಒದ್ದೆಯಾದ ಕಪ್ಪು ನಾರು ಅಂಟಿಕೊಂಡು ಬಂತು. ಮೂತ್ರ ನಿಲ್ಲುವ ಜಾಗವದು. ಹಲಗೆ ಲಡ್ಡಾಗಿತ್ತು. ಅಂಥ ನೆಲ ಮುರಿದು ಕುದುರೆಯ ಕಾಲು ಓಡುವ ರಸ್ತೆಯ ಮೇಲೆ ಇಳಿದ ಘಟನೆಗಳು ನಡೆಯುತ್ತವೆ. ಅದರ ವಿವರಕ್ಕೆ ಹೋಗುವುದಿಲ್ಲ.

ಆದ್ದರಿಂದ ಹಾಸನ್ನು ಎತ್ತಲು ಒಪ್ಪದ ಮಾರಾಟಗಾರರಿಂದ ಕೊಳ್ಳಬೇಡಿ. ಮರದ ನೆಲವಾದರೆ ಪ್ರತಿ ಹಲಗೆಯನ್ನೂ, ಅಂಚುಗಳಲ್ಲಿ ವಿಶೇಷವಾಗಿ, ಮೊನೆಯಿಂದ ಚುಚ್ಚಿ. ಕೆಳಗೆ ಮಲಗಿ ಹಲಗೆಗಳನ್ನು ಹೊತ್ತಿರುವ ಅಡ್ಡಪಟ್ಟಿಗಳ ಬೆಸುಗೆಯನ್ನು ಟಾರ್ಚ್ ಹಾಕಿ ನೋಡಿ. ಮೇಲ್ಪದರದ ತುಕ್ಕು ತೊಂದರೆಯಿಲ್ಲ, ಸುತ್ತಿಗೆಯಿಂದ ತಟ್ಟಿದಾಗ ಹಕ್ಕಳೆ ಉದುರಿದರೆ ತೊಂದರೆ. ಅಲ್ಯೂಮಿನಿಯಂ ನೆಲ ಕೊಳೆಯುವುದಿಲ್ಲ ಎಂಬ ಮಾತು ಅರ್ಧ ಸತ್ಯ. ಮೂತ್ರ ಅದನ್ನೂ ತಿನ್ನುತ್ತದೆ, ಬಿಳಿ ಪುಡಿ ಮತ್ತು ಸಣ್ಣ ಗುಳಿಗಳು ಅದರ ಗುರುತು.

ಟಯರಿನ ಮೇಲ್ಮೈಯ ಗೀರುಗಳು ಎಷ್ಟು ಆಳ ಉಳಿದಿವೆ ಎಂಬುದಕ್ಕಿಂತ ಅದರ ವಯಸ್ಸು ಮುಖ್ಯ, ಏಕೆಂದರೆ ಟ್ರೇಲರ್ ಟಯರುಗಳು ಸವೆಯುವ ಮೊದಲೇ ಬಿಸಿಲಿಗೆ ನಿಂತು ಸಾಯುತ್ತವೆ. ಪಕ್ಕದ ಗೋಡೆಯಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ: 2319 ಎಂದಿದ್ದರೆ 2019ರ 23ನೇ ವಾರ. ಐದಾರು ವರ್ಷ ದಾಟಿದ್ದರೆ ಐದೂ ಟಯರುಗಳ ಬೆಲೆಯನ್ನು ಟ್ರೇಲರಿನ ಬೆಲೆಯಿಂದ ಕಳೆಯುವಂತೆ ಕೇಳಿ. ಸ್ಟೆಪ್ನಿಯನ್ನು ನೋಡಲು ಮರೆಯುವವರೇ ಹೆಚ್ಚು.

ಭಾರತ ಮತ್ತು ಬ್ರಿಟನ್ನಿನಿಂದ ಕೇಳುವವರಿಗೆ ಎರಡು ಮಾತು. ಭಾರತದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2015ರಲ್ಲಿ ಸೇರಿಸಿದ 125-ಇ ನಿಯಮದಂತೆ ಪ್ರಾಣಿ ಸಾಗಿಸುವ ವಾಹನದಲ್ಲಿ ಪ್ರತಿ ಕುದುರೆಗೆ 2.25 ಚದರ ಮೀಟರಿನ ವಿಭಾಗ ಇರಬೇಕು. ಅದು ಕನಿಷ್ಠ ಮಿತಿ. ಎರಡೂವರೆ ಮೀಟರ್ ಉದ್ದ, ತೊಂಬತ್ತು ಸೆಂಟಿಮೀಟರ್ ಅಗಲ ಎಂದರೆ ಲೆಕ್ಕ ಸರಿಹೋಗುತ್ತದೆಯಾದರೂ ದೊಡ್ಡ ಕುದುರೆಗೆ ಅದು ಇಕ್ಕಟ್ಟೇ. ಬ್ರಿಟನ್ನಿನಲ್ಲಿ 2021ರ ಡಿಸೆಂಬರ್ 16ರಿಂದ ಸಾಮಾನ್ಯ ಕಾರಿನ ಪರವಾನಗಿ ಇದ್ದವರೂ ಪ್ರತ್ಯೇಕ ಪರೀಕ್ಷೆಯಿಲ್ಲದೆ 3,500 ಕಿಲೋವರೆಗಿನ ಟ್ರೇಲರ್ ಎಳೆಯಬಹುದು. ಪರವಾನಗಿ ಇದೆ ಎಂದು ಕಾರಿಗೆ ಆ ಶಕ್ತಿ ಬರುವುದಿಲ್ಲ, ಮೇಲಿನ ಲೆಕ್ಕ ಅಲ್ಲಿಯೂ ಅದೇ.

ಹಂತ 7: ಹಣ ಕೊಡುವ ಮುನ್ನ ಕುದುರೆಯನ್ನು ಹತ್ತಿಸಿ

ಸಾಧ್ಯವಾದರೆ ಟ್ರೇಲರನ್ನು ಲಾಯದ ಬಳಿ ತರಿಸಿ, ವಾಹನಕ್ಕೆ ಕಟ್ಟಿದ ಸ್ಥಿತಿಯಲ್ಲೇ ಕುದುರೆಯನ್ನು ಹತ್ತಿಸಿ. ಕಟ್ಟದ ಟ್ರೇಲರಿಗೆ ಹತ್ತಿಸಿದರೆ ಮೂಕಿ ಎದ್ದು ಕುದುರೆ ಜಾರುತ್ತದೆ. ಹತ್ತಿಸುವಾಗ ಹಿಂದಿನ ಕಂಬಿ ಹಾಕಿದ ಮೇಲೆಯೇ ತಲೆಯ ಹಗ್ಗ ಕಟ್ಟಬೇಕು, ಇಳಿಸುವಾಗ ತಲೆಯ ಹಗ್ಗ ಬಿಚ್ಚಿದ ಮೇಲೆಯೇ ಕಂಬಿ ತೆಗೆಯಬೇಕು. ಕ್ರಮ ತಪ್ಪಿದರೆ ತಲೆ ಕಟ್ಟಿರುವಾಗಲೇ ಹಿಂದಕ್ಕೆ ಹೊರಟ ಕುದುರೆ ಹಗ್ಗ ಬಿಗಿದೊಡನೆ ಹುಚ್ಚೆದ್ದು ಎಳೆದಾಡುತ್ತದೆ. ಆ ಹಿಂದಿನ ಕಂಬಿಯ ಚಿಲಕವನ್ನು ಕುದುರೆಯ ನೇರ ಹಿಂದೆ ನಿಲ್ಲದೆ, ಪಕ್ಕದಿಂದ ಒಂದೇ ಕೈಯಲ್ಲಿ ಹಾಕಲು ಬರುತ್ತದೆಯೇ ಎಂದು ಇದೇ ಹೊತ್ತಿಗೆ ಗೊತ್ತಾಗುತ್ತದೆ.

ಹದಿನೈದು ನಿಮಿಷ ಸುಮ್ಮನೆ ನಿಲ್ಲಿಸಿ. ಹುಲ್ಲು ತಿನ್ನಲು ತಲೆ ತಗ್ಗಿಸುತ್ತದೆಯೇ, ಕಿವಿ ಚಾವಣಿಗೆ ತಾಗುತ್ತದೆಯೇ ನೋಡಿ. ಆಮೇಲೆ ಇಪ್ಪತ್ತು ನಿಮಿಷ, ತಿರುವುಗಳಿರುವ ದಾರಿಯಲ್ಲಿ ನಿಧಾನವಾಗಿ ಓಡಿಸಿ, ದಾರಿಯಲ್ಲಿ ಟ್ರಕ್ಕುಗಳ ತೂಕದ ಕಾಟಾ ಸಿಕ್ಕರೆ ತೂಗಿಸಿ ನಿಮ್ಮ ಅಂದಾಜನ್ನು ತಾಳೆ ನೋಡಿ. ಮರಳಿ ಬಂದ ಮೇಲೆ ಎದೆಯ ಮೇಲೂ ಕಿವಿಗಳ ಹಿಂದೆಯೂ ಕೈಯಿಟ್ಟು ಬೆವರು ಇದೆಯೇ ಪರೀಕ್ಷಿಸಿ. ಕೊನೆಗೆ ಕುದುರೆ ನಿಂತಿದ್ದ ಕಡೆಯ ಗೋಡೆಯ ಕೆಳಭಾಗವನ್ನು ಬಾಗಿ ನೋಡಿ: ಲಾಳದಿಂದ ಗೀರಿದ ಹೊಸ ಅರ್ಧಚಂದ್ರಾಕಾರದ ಗುರುತುಗಳು ಸಾಲಾಗಿ ಮೂಡಿದ್ದರೆ ಅದಕ್ಕೆ ಕಾಲೂರಲು ಜಾಗ ಸಾಲಲಿಲ್ಲ. ತಡಿಕೆ ತೆಗೆದು ಇನ್ನೊಮ್ಮೆ ಓಡಿಸಿ ನೋಡಿ. ಆಗಲೂ ಗುರುತು ಬಿದ್ದರೆ ಆ ಟ್ರೇಲರ್ ಬೇಡ.